ಪ್ರಶ್ನೋತ್ತರ: ಶಾಖ ನೋಡುವ ದೂರದರ್ಶಕಕ್ಕೆ ಚಳಿ ಏಕೆ ಬೇಕು?

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ಮಲ್ಪೆ): ಸರ್, ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕವನ್ನು ಮೈನಸ್ 230 ಡಿಗ್ರಿಗಿಂತ ತಣ್ಣಗೆ ಇಡುತ್ತಾರಂತೆ. ಶಾಖವನ್ನು ನೋಡುವ ಉಪಕರಣಕ್ಕೆ ಅಷ್ಟು ಚಳಿ ಏಕೆ? ಕುದುರೆಮುಖದ ಮೇಲೆ ಇಟ್ಟರೆ ಆಗುತ್ತಿರಲಿಲ್ಲವೇ?

ಉತ್ತರ (ಖಗೋಳ ಉಪಕರಣಗಳಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ, ಮಂಗಳೂರು): ಬಿಸಿಯಿರುವ ಯಾವ ವಸ್ತುವೂ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಸೂಸುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಮೈ ಸುಮಾರು 9 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ತರಂಗಾಂತರದ ಆಸುಪಾಸಿನಲ್ಲಿ ಬೆಳಗುತ್ತಿದೆ, ಈ ಕೋಣೆಯ ಗೋಡೆಯೂ ಅಷ್ಟೆ. ದೂರದರ್ಶಕವೇ ಬೆಚ್ಚಗಿದ್ದರೆ, ಕೈಯಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದುಕೊಂಡು ಕಡಲಾಚೆಯ ದೋಣಿಯ ಮಿಣುಕು ದೀಪ ಹುಡುಕಿದ ಹಾಗಾಗುತ್ತದೆ. ವೆಬ್‌ನಲ್ಲಿ ಐದು ಪದರದ ಮರೆ ಬಿಸಿಲನ್ನು ತಡೆಯುತ್ತದೆ. 5ರಿಂದ 28 ಮೈಕ್ರಾನ್ ನೋಡುವ ಉಪಕರಣಕ್ಕೆ ಅದೂ ಸಾಲದು. ಹೀಲಿಯಂ ಅನಿಲದ ಶೀತಕ ಯಂತ್ರ ಅದನ್ನು 7 ಕೆಲ್ವಿನ್‌ಗಿಂತ (ಸುಮಾರು ಮೈನಸ್ 266 ಡಿಗ್ರಿ ಸೆಲ್ಸಿಯಸ್) ಕೆಳಗಿಡುತ್ತದೆ. ಹೀಲಿಯಂ ಅದರಲ್ಲೇ ಸುತ್ತುತ್ತಿರುವುದರಿಂದ ಮುಗಿದುಹೋಗುವ ಭಯವಿಲ್ಲ. ಅವಗೆಂಪಿನಲ್ಲಿ ಆಕಾಶ ನೋಡಿದ 1983ರ ಐರಾಸ್ ಉಪಗ್ರಹದಲ್ಲಿ ದ್ರವ ಹೀಲಿಯಂ ಆವಿಯಾಗಿ ತೀರಿತು. ಹತ್ತು ತಿಂಗಳಿಗೇ ಕಣ್ಣು ಮುಚ್ಚಿತು.

ಕುದುರೆಮುಖದ ವಿಚಾರ: ಜೂನ್‌ನಲ್ಲಿ ಅಲ್ಲಿ ಚಂದ್ರನೇ ಕಾಣುವುದಿಲ್ಲ! ಮೋಡವಿಲ್ಲದ ದಿನವೂ ಗಾಳಿಯ ನೀರಾವಿ ಅವಗೆಂಪಿನ ಬಹುಭಾಗವನ್ನು ನುಂಗುತ್ತದೆ. ಲಡಾಖ್‌ನ ಹಾನ್ಲೆ ವೀಕ್ಷಣಾಲಯ 4,500 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ. ಅಲ್ಲಿ ಸಮೀಪದ ಅವಗೆಂಪನ್ನು, ಎಂದರೆ ಗಿಡ್ಡ ತರಂಗಗಳದ್ದನ್ನು, ನೋಡುತ್ತಾರೆ. ಉದ್ದ ತರಂಗಗಳಿಗೆ ಗಾಳಿಯಾಚೆ ಮೇಲಕ್ಕೇ ಹೋಗಬೇಕು.

ಪ್ರಶ್ನೆ (ನಿವೃತ್ತ ಶಿಕ್ಷಕರು, ಕಾರ್ಕಳ): ಅಷ್ಟು ಖರ್ಚು ಮಾಡಿ ಕಾಣುವುದಾದರೂ ಏನು?

ಉತ್ತರ: ಮೇಷ್ಟ್ರೇ, ನಮ್ಮ ಆಕಾಶಗಂಗೆಯ ಕೇಂದ್ರವನ್ನೇ ತೆಗೆದುಕೊಳ್ಳಿ. ನಡುವಿನ ಧೂಳಿನಿಂದಾಗಿ ಅಲ್ಲಿಂದ ಹೊರಟ ದೃಗ್ಗೋಚರ ಬೆಳಕಿನಲ್ಲಿ ನಮಗೆ ತಲುಪುವುದು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು. ಎರಡು ಮೈಕ್ರಾನ್‌ನ ಅವಗೆಂಪಿನಲ್ಲಾದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ದಾಟಿಬರುತ್ತದೆ. ಧೂಳಿನ ಕಣಗಳು ತೀರಾ ಚಿಕ್ಕವು. ಉದ್ದ ತರಂಗಗಳಿಗೆ ಅವು ಅಷ್ಟಾಗಿ ಅಡ್ಡ ಬರುವುದಿಲ್ಲ.

ಇನ್ನೂ ಉದ್ದ ತರಂಗಗಳಲ್ಲಿ ಆ ಧೂಳೇ ಬೆಳಗುತ್ತದೆ, ನನಗೆ ಹೆಚ್ಚು ಇಷ್ಟವಾದದ್ದು ಇದು. ನಕ್ಷತ್ರಗಳು ಹುಟ್ಟುವ ಮೋಡಗಳ ಉಷ್ಣತೆ 10ರಿಂದ 20 ಕೆಲ್ವಿನ್ ಮಾತ್ರ. 2009ರಿಂದ 2013ರವರೆಗೆ ಕೆಲಸ ಮಾಡಿದ ಹರ್ಷಲ್ ದೂರದರ್ಶಕ, ತನ್ನ 3.5 ಮೀಟರ್ ಕನ್ನಡಿಯಿಂದ ಅವುಗಳೊಳಗಿನ ಎಳೆಎಳೆಯಾದ ರಚನೆಗಳನ್ನು ತೋರಿಸಿತು. ಐರಾಸ್ ಕೂಡ ಅಭಿಜಿತ್ (ವೇಗಾ) ನಕ್ಷತ್ರವನ್ನು ತನ್ನ ಅಳತೆ ಸರಿಹೊಂದಿಸಿಕೊಳ್ಳಲು ನೋಡುತ್ತಿದ್ದಾಗ ಲೆಕ್ಕಕ್ಕಿಂತ ಹೆಚ್ಚು ಅವಗೆಂಪು ಬಂತು. ಸುತ್ತ ಧೂಳಿತ್ತು! ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಸಂಜೆ, ಕಾರ್ಕಳದಿಂದ ವಾಯವ್ಯಕ್ಕೆ ಕಾಣುವ ಆ ಪ್ರಕಾಶಮಾನ ನಕ್ಷತ್ರವೇ ಅದು.

ಪ್ರಶ್ನೆ (ಮಲ್ಪೆಯವರೇ): ಹಾಗಾದರೆ ಚಿತ್ರಗಳ ಬಣ್ಣ ಸುಳ್ಳೇ?

ಉತ್ತರ: ಸುಳ್ಳಲ್ಲ, ಒಪ್ಪಂದ. ಉದ್ದ ತರಂಗಕ್ಕೆ ಕೆಂಪು, ಗಿಡ್ಡದಕ್ಕೆ ನೀಲಿ ಕೊಡುತ್ತಾರೆ. ಕ್ರಮ ನಿಜವಾದದ್ದೇ. ಆದರೆ ಯಾವ ಶೋಧಕದ (ಫಿಲ್ಟರ್) ಮೂಲಕ ತೆಗೆದದ್ದೆಂದು ಹೇಳದ ಚಿತ್ರ ಗುಂಪಿಗೆ ಬಂದರೆ ನಾನು ನಂಬುವುದಿಲ್ಲ, ನೀವೂ ಮುಂದಕ್ಕೆ ಕಳುಹಿಸಬೇಡಿ.