ಯುವಜನ ಸಂಘ ಎರಡೇ ವರ್ಷಕ್ಕೆ ಕುಸಿಯದಿರಲು ಏನು ಮಾಡಬೇಕು? ಹಳಬರು ಹೇಳಿ

ಎಲ್ಲರಿಗೂ ವಂದನೆಗಳು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಯುವಜನ ಸಂಘದ ಹೊಣೆ ಈಗ ನನ್ನ ತಲೆಗೆ ಬಂದಿದೆ. ರಿಜಿಸ್ಟರಿನಲ್ಲಿ 42 ಹೆಸರಿದೆ, ಭಾನುವಾರ ಸಂಜೆ ಬರೋದು ಒಂಬತ್ತು ಜನ. ಇಪ್ಪತ್ತು, ಮೂವತ್ತು ವರ್ಷ ಈ ಸೇವೆ ಮಾಡಿದವರು ದಯವಿಟ್ಟು ಹೇಳಿ: ಯಾವುದು ಉಳಿಯುತ್ತದೆ, ಯಾವುದು ಕೈಕೊಡುತ್ತದೆ? ಪ್ರಸಂಗ ಬೇಡ, ಕೆಲಸದ ಮಾತು ಸಾಕು.

ನಿವೃತ್ತ ಸಭಾಪಾಲಕರು (ಪಾದ್ರಿ), ಧಾರವಾಡ

ಹಾಜರಿ ತಗೊಳ್ಳೋದು ಆಮೇಲೆ. ಮೊದಲು 42 ಹೆಸರಿನ ಮುಂದೆಯೂ ಮೂರು ಅಂಕಣ ಎಳೆಯಿರಿ: ಓದು ಅಥವಾ ಕೆಲಸ ಎಲ್ಲಿ, ಮುಂದಿನ ಪರೀಕ್ಷೆ ಯಾವಾಗ, ಮನೆಗೆ ಕೊನೆಯ ಬಸ್ ಎಷ್ಟಕ್ಕೆ. ಒಂಬತ್ತೇ ಜನ ಯಾಕೆ ಅನ್ನೋದರ ಅರ್ಧ ಉತ್ತರ ಮೂರನೇ ಅಂಕಣದಲ್ಲೇ ಇರುತ್ತದೆ. ಐದೂವರೆಗೆ ಕೂಟ ಅಂತ ಹೇಳಿ, ಆರಕ್ಕೆ ಶುರು ಮಾಡಿ, ಎಂಟಕ್ಕೆ ಬಿಟ್ಟರೆ ಮುಂದಿನ ವಾರ ಹೆಣ್ಣುಮಕ್ಕಳನ್ನು ಯಾವ ತಾಯಿಯೂ ಕಳಿಸೋದಿಲ್ಲ. 75 ನಿಮಿಷ ಸಾಕು: ಹಾಡಿಗೆ 15, ಆಟಕ್ಕೆ 10, ಬೈಬಲ್ ವಾಕ್ಯಕ್ಕೆ 30, ಪ್ರಾರ್ಥನೆಗೆ 10, ಚಹಾಕ್ಕೆ 10. ಇಬ್ಬರೇ ಬಂದಿದ್ದರೂ ಹೇಳಿದ ಹೊತ್ತಿಗೆ ಶುರು ಮಾಡಿ. ತಡವಾಗಿ ಬಂದವರಿಗಾಗಿ ಕಾಯುತ್ತಾ ಕೂತರೆ, ಸರಿಯಾಗಿ ಬಂದವರೂ ತಡವಾಗಿ ಬರೋದನ್ನು ಕಲಿಯುತ್ತಾರೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ. ಆಗ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರೆ ಸೋಲು ಖಚಿತ. ಆರಾಧನೆ ಮುಗಿದ ಮೇಲೆ 20 ನಿಮಿಷದ ಪ್ರಾರ್ಥನೆ ಮಾತ್ರ ಇಡಿ.

ಗಾಯನ ಮಂಡಳಿಯವರು, ಮಂಗಳೂರು

ಹಾಡಿನಲ್ಲೇ ಹುಡುಗರು ಕಳಚಿಕೊಳ್ಳುತ್ತಾರೆ. ಕಾರಣ ಭಕ್ತಿಯ ಕೊರತೆ ಅಲ್ಲ, ಶ್ರುತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ) ನಮಗೆ ಕೊಟ್ಟ ಜರ್ಮನ್ ರಾಗಗಳೆಲ್ಲ ನಾಲ್ಕು ಧ್ವನಿಯ ಮೇಳಕ್ಕೆ ಕೂಡಿಸಿದವು. ರಾಗ ನಡೆಸೋದು ಹೆಂಗಸರ ಮೇಲಿನ ಧ್ವನಿ. ಅದನ್ನೇ ಧ್ವನಿ ಒಡೆಯುತ್ತಿರುವ ಹದಿನೈದರ ಹುಡುಗನಿಗೆ ಕೊಟ್ಟರೆ ಎರಡನೇ ಸಾಲಿಗೆ ಬಾಯಿ ಮುಚ್ಚುತ್ತಾನೆ. ಹಾಡಿನ ಶ್ರುತಿ ಇ ಫ್ಲ್ಯಾಟ್‌ನಲ್ಲಿರೋದನ್ನು ಸಿ‌ಗೆ ಇಳಿಸಿ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಮೈನಸ್ 3 (ಮೂರು ಅರೆಸ್ವರ ಕೆಳಗೆ). ಹೊಸದಾಗಿ ಗಿಟಾರ್ ಕಲಿತವನಿಗೂ ಸಿ ಸಲೀಸು.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುವವರಿಗೆ ಒಂದು ಎಚ್ಚರಿಕೆ. ಹಾಗೆ ಬರೆದಾಗ ಕಲ, ಕಾಲ, ಕಳ, ಕಾಳ ನಾಲ್ಕೂ ಒಂದೇ ಆಗಿಬಿಡುತ್ತವೆ. ದೀರ್ಘಕ್ಕೆ ಎರಡು ಎ, ಳಕಾರಕ್ಕೆ ದೊಡ್ಡ ಎಲ್ ಅಂತ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಕನ್ನಡ ಸಾಲು ಮೇಲಿರಲಿ, ಇಂಗ್ಲಿಷ್ ಅಕ್ಷರ ಕೆಳಗಿರಲಿ. ಕಣ್ಣು ತಾನಾಗಿ ಮೇಲಕ್ಕೆ ಹತ್ತುತ್ತದೆ.

ಸಂಡೇ ಸ್ಕೂಲ್ ಶಿಕ್ಷಕಿ, ಬೆಂಗಳೂರು

ವಾಕ್ಯದ ಹೊತ್ತಿನಲ್ಲಿ ಆರು, ಏಳು ಜನರ ಗುಂಪು ಮಾಡಿ. "ದೇವರು ನಮ್ಮನ್ನು ಪ್ರೀತಿಸುತ್ತಾನಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ, ಅಲ್ಲಿಗೆ ಚರ್ಚೆ ಮುಗಿಯಿತು. ಬೈಬಲಿನ ಲೂಕ 15ರ ತಪ್ಪಿಹೋದ ಮಗನ ಕಥೆ ಓದಿಸಿ, "ಹಿರಿಯ ಮಗ ಒಳಗೆ ಬರೋದಿಲ್ಲ ಅಂದದ್ದರಲ್ಲಿ ತಪ್ಪೇನು?" ಅಂತ ಕೇಳಿ ಸುಮ್ಮನಿರಿ. ಹತ್ತು ಸೆಕೆಂಡು ಮೌನ ತಡೆದುಕೊಳ್ಳೋದೇ ಕಷ್ಟ. ಹೆಚ್ಚಿನ ನಾಯಕರು ಮೂರಕ್ಕೇ ತಾವೇ ಉತ್ತರ ಹೇಳಿಬಿಡುತ್ತಾರೆ.

ಇನ್ನು ಸುರಕ್ಷತೆ. ಹದಿನೆಂಟು ತುಂಬದ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಮಾತ್ರ ಇರಕೂಡದು. ರಾತ್ರಿ ಖಾಸಗಿ ಮೆಸೇಜ್ ಬೇಡ. ಹೇಳೋದಿದ್ದರೆ ಇಬ್ಬರು ನಾಯಕರಿರುವ ಗ್ರೂಪಿನಲ್ಲಿ ಹೇಳಿ. ಲೈಂಗಿಕ ಕಿರುಕುಳದ ವಿಷಯ ಕಿವಿಗೆ ಬಿದ್ದರೆ ಅದನ್ನು ಸಭಾಸಮಿತಿಯಲ್ಲಿ 'ಒಳಗೇ ಸರಿಮಾಡೋಣ' ಅನ್ನುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನು ಯುವಜನರ ಕೋಣೆಯ ಗೋಡೆಗೆ ಅಂಟಿಸಿ.

ಶಿಬಿರದ ಅಡುಗೆ, ಲೆಕ್ಕ ನೋಡುವವರು, ಉಡುಪಿ

ಶಿಬಿರಕ್ಕೆ ಜಾಗ ನೋಡಲು ಹೋದಾಗ ಸಭಾಂಗಣ ಆಮೇಲೆ ನೋಡಿ, ಮೊದಲು ಶೌಚಾಲಯ ಎಣಿಸಿ. 50 ಜನ, ಮೂರು ಶೌಚಾಲಯ, ಒಬ್ಬರಿಗೆ ಐದು ನಿಮಿಷ ಅಂದರೆ 83 ನಿಮಿಷ. ಆರಕ್ಕೆ ಎಬ್ಬಿಸಿ ಏಳಕ್ಕೆ ಧ್ಯಾನ ಅಂತ ಪಟ್ಟಿಯಲ್ಲಿ ಬರೆದಿದ್ದರೆ ಅದು ನಡೆಯೋದಿಲ್ಲ, ಹುಡುಗರು ಸೋಮಾರಿಗಳು ಅಂತ ಬೈಗುಳ ಮಾತ್ರ ನಡೆಯುತ್ತದೆ.

50 ಜನರ ಒಂದು ಹೊತ್ತಿನ ಊಟಕ್ಕೆ ಅಕ್ಕಿ 6 ಕೆಜಿ, ಸಾಂಬಾರಿಗೆ ತೊಗರಿಬೇಳೆ 2 ಕೆಜಿ, ಕೋಳಿ 10 ಕೆಜಿ. ಉಪ್ಪಿಟ್ಟಿಗೆ ರವೆ 4 ಕೆಜಿ. ಚಹಾಕ್ಕೆ ಹಾಲು 3 ಲೀಟರ್, ನೀರು 3 ಲೀಟರ್. ರಾತ್ರಿ ಉಳಿದ ಕೋಳಿಸಾರು ಬೆಳಿಗ್ಗೆ ಬಡಿಸಬೇಡಿ. ದೊಡ್ಡ ಪಾತ್ರೆಯಲ್ಲಿ ಅದು ಬೇಗ ಆರೋದಿಲ್ಲ, ಕೆಡುತ್ತದೆ. ಸಮುದ್ರದ ದಂಡೆ ಇದ್ದರೆ, ಈಜು ಬಲ್ಲವನೂ ನೀರಿಗಿಳಿಯುವ ಹಾಗಿಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಬರೆದು ಪಾಲಕರ ಸಹಿ ತಗೊಳ್ಳಿ.

ಕ್ಯಾರಲ್ಸ್‌ಗೆ (ಕ್ರಿಸ್ಮಸ್ ಹೊತ್ತಿಗೆ ಮನೆಮನೆಗೆ ಹೋಗಿ ಹಾಡೋದು) ರಾತ್ರಿಗೆ 12 ಮನೆ, ಮನೆಗೆ 15 ನಿಮಿಷ. ಆರೂವರೆಗೆ ಹೊರಟರೆ ದಾರಿ ಸೇರಿ ಹತ್ತರೊಳಗೆ ಮುಗಿಯುತ್ತದೆ. ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನು ಬಿಡೋದಿಲ್ಲ. ಲೆಕ್ಕ ತಪ್ಪಿಸೋದು ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆ. ಎಲ್ಲ ಮನೆಯಲ್ಲೂ ತಿನ್ನಲು ಕೂತರೆ ಎಂಟನೇ ಮನೆಯವರು ನಿದ್ದೆಗಣ್ಣಲ್ಲಿ ಬಾಗಿಲು ತೆಗೆಯುತ್ತಾರೆ. ತಿನ್ನೋದು ಕೊನೆಯ ಮನೆಯಲ್ಲಿ ಮಾತ್ರ ಅಂತ ಮುಂಚೆಯೇ ಫೋನ್ ಮಾಡಿ ಹೇಳಿಬಿಡಿ. ಕಾಣಿಕೆ ಪೆಟ್ಟಿಗೆಯನ್ನು ಅದೇ ರಾತ್ರಿ ಮೂವರು ಕೂತು ಎಣಿಸಿ, ಮೂವರೂ ಸಹಿ ಹಾಕಬೇಕು. "ನಾಳೆ ಎಣಿಸೋಣ" ಅಂದ ಸಂಘಗಳಲ್ಲೇ ಜಗಳ ಹುಟ್ಟೋದು.

ಕೇಳಿದವರು

ತುಂಬಾ ಉಪಕಾರ. ಕಾರ್ಯದರ್ಶಿಯಾಗಿದ್ದ ಹುಡುಗಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಸಂಘವೇ ನಿಂತ ಹಾಗಾಗಿದೆ. ಇದಕ್ಕೇನು ಮಾಡೋದು?

ಧಾರವಾಡದವರೇ ಮತ್ತೆ

ಅಲ್ಲಿದೆ ನೋಡಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಹೋಗುವವರು ಹೋಗೇ ಹೋಗುತ್ತಾರೆ, ಡಿಗ್ರಿ ಮುಗಿದವರನ್ನು ಊರು ಹಿಡಿದಿಡೋದಿಲ್ಲ. ಪ್ರತಿ ಹೊಣೆಗೂ ಇಬ್ಬರನ್ನು ಇಡಿ: ಒಬ್ಬರು ಮಾಡುವವರು, ಅವರಿಗಿಂತ ಎರಡು ವರ್ಷ ಚಿಕ್ಕವರೊಬ್ಬರು ಪಕ್ಕದಲ್ಲಿ ನಿಂತು ನೋಡುವವರು. ಅವಧಿ ಎರಡು ವರ್ಷ ದಾಟಬಾರದು. ನಿಮಗೂ ಇದೇ ನಿಯಮ. ತಿಂಗಳಿಗೊಂದು ಭಾನುವಾರ ನೀವು ಹಿಂದಿನ ಬೆಂಚಿನಲ್ಲಿ ಕೂತು ಕೂಟವನ್ನು ಆ ಚಿಕ್ಕವರಿಗೆ ಬಿಡಿ. ಕೆಟ್ಟದಾಗಿ ನಡೆಸಿದರೂ ನಡುವೆ ಎದ್ದು ಸರಿಮಾಡಲು ಹೋಗಬೇಡಿ.

ಆ ಹುಡುಗಿ ಹೋಗಿರುವ ಊರಿನ ಸಭಾಪಾಲಕರಿಗೆ ಈ ವಾರವೇ ನಿಮ್ಮ ಪಾದ್ರಿ ಅಯ್ಯನವರಿಂದ ಫೋನ್ ಮಾಡಿಸಿ. ಸಭೆಯ ಸದಸ್ಯತ್ವದ ವರ್ಗಾವಣೆ ಪತ್ರ ನಿಧಾನವಾಗಿ ಬರಲಿ. ಮೊದಲ ಭಾನುವಾರ ಬಾಗಿಲಲ್ಲಿ ಹೆಸರು ಹಿಡಿದು ಕರೆಯುವ ಒಬ್ಬರು ಇರಬೇಕು. ಮತ್ತೆ ಆಕೆಯ ಹತ್ತಿರ ಇರುವ ಲೆಕ್ಕದ ಪುಸ್ತಕ, ಕಪಾಟಿನ ಬೀಗದ ಕೈ, ಗ್ರೂಪಿನ ಅಡ್ಮಿನ್ ಹಕ್ಕು ಮೂರನ್ನೂ ಇಸಿದುಕೊಂಡಿರಾ? ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.