ಗೇರ್‌ಬಾಕ್ಸ್ ಇಳಿಸೋಕೆ ಮುಂಚೆ: ಎಂಜಿನ್ ಆಯಿಲ್ ಜಿನುಗೋದು ಎಲ್ಲಿಂದ?

ಪ್ರಶ್ನೆ (ದಾವಣಗೆರೆ): ಹನ್ನೊಂದು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು, 92 ಸಾವಿರ ಕಿ.ಮೀ. ಓಡಿದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನಾಲ್ಕೈದು ಹನಿ ಆಯಿಲ್ ಬಿದ್ದಿರುತ್ತೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಕೆಳಗೆ ಒದ್ದೆ. ವಾರಕ್ಕೆರಡು ಸಲ ಚಿತ್ರದುರ್ಗಕ್ಕೆ ಹೋಗಿಬರುವ ಓಡಾಟ. ಎರಡು ತಿಂಗಳಲ್ಲಿ ಅರ್ಧ ಲೀಟರ್ ಟಾಪ್‌ಅಪ್ ಆಗಿದೆ. ಹಿಂಬದಿಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್‌ಶಾಫ್ಟ್ ಗೇರ್‌ಬಾಕ್ಸ್ ಕಡೆ ಹೊರಬರುವ ಜಾಗದಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ ಗ್ಯಾರೇಜಲ್ಲಿ ಹೇಳ್ತಿದ್ದಾರೆ. ಇಳಿಸಲೇಬೇಕಾ?

ಉತ್ತರ: ಸ್ವಲ್ಪ ತಡೀರಿ, ಮೊದಲು ಲೆಕ್ಕ ಹಾಕಿ. ಸುಮಾರು 20 ಹನಿ ಸೇರಿದರೆ ಒಂದು ಮಿ.ಲೀ. ರಾತ್ರಿಗೆ ಐದು ಹನಿ ಅಂದರೆ 60 ದಿನಕ್ಕೆ 15 ಮಿ.ಲೀ. ಆಯಿತು. ನೀವು ಹಾಕಿರೋದು 500. ಮಿಕ್ಕಿದ್ದು ಒಂದೋ ಗಾಡಿ ಓಡುವಾಗ ಸೋರುತ್ತಿದೆ, ಇಲ್ಲವೇ ಒಳಗೆ ಉರಿಯುತ್ತಿದೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ನೀಲಿ ಹೊಗೆ ಬರುತ್ತಾ, ಸ್ಪಾರ್ಕ್ ಪ್ಲಗ್ ತುದಿಯಲ್ಲಿ ಜಿಡ್ಡು ಕರಿ ಇದೆಯಾ ನೋಡಿ. ಇದ್ದರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಕಡೆ ಗಮನ ಕೊಡಬೇಕು, ಅದು ಬೇರೆ ಕೆಲಸ.

ಇನ್ನೊಂದು, ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ. ಆಯಿಲ್ ಕೆಳಗೆ ಇಳಿಯುತ್ತೆ, ಓಡುವಾಗ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ. ಕೊನೆಗೆ ತೊಟ್ಟಿಕ್ಕೋದು ಎಂಜಿನ್ನಿನ ಅತಿ ತಗ್ಗಿನ ಮೂಲೆಯಲ್ಲಿ. ನೀವು ಹುಡುಕಬೇಕಾದ್ದು ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಒದ್ದೆ.

ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್, ಕಾಯಿಲ್, ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಹಾಕಿ 10 ನಿಮಿಷ ಬಿಟ್ಟು, ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಬರೀ ಡೀಸೆಲ್‌ನಲ್ಲಿ ಒರೆಸಿದರೆ ಅದರ ಜಿಡ್ಡೇ ಉಳಿದು ದಾರಿ ತಪ್ಪಿಸುತ್ತೆ. ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರ್ ತೆಳ್ಳಗೆ ಹಚ್ಚಿ. ಬೆಲ್ಟ್ ಮೇಲೆ ಬೇಡ. ಆಮೇಲೆ ಹೆದ್ದಾರಿ 48ರಲ್ಲಿ ಆನಗೋಡಿನ ತನಕ ಹೋಗಿಬನ್ನಿ. ಮನೆ ಮುಂದೆ ಐಡಲ್‌ನಲ್ಲಿ ನಿಲ್ಲಿಸಿದರೆ ಇಂಥ ಸಣ್ಣ ಸೋರಿಕೆ ತೋರೋದೇ ಇಲ್ಲ. ಬಂದ ತಕ್ಷಣ ಟಾರ್ಚ್ ಹಿಡಿದು ನೋಡಿ, ಬಿಳಿ ಪುಡಿಯಲ್ಲಿ ಕಂದು ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಕಳ್ಳ. ಕೆಳಗೆ ತೂರಬೇಕಾದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ.

ಇನ್ನೊಬ್ಬರ ಉತ್ತರ: ಇದರ ಜೊತೆಗೆ ಇದನ್ನೂ ನೋಡಿ. ಓಡುವಾಗ ಮಾತ್ರ ಹೋಗುವ ಆಯಿಲ್ ಸಾಮಾನ್ಯವಾಗಿ ಪ್ರೆಷರ್ ಇರುವ ಕಡೆಯದು: ಆಯಿಲ್ ಪ್ರೆಷರ್ ಸ್ವಿಚ್ ಮತ್ತು ಫಿಲ್ಟರ್. ಸ್ವಿಚ್‌ನ ವೈರ್ ಸಾಕೆಟ್ ಎಳೆದು ನೋಡಿ, ಒಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಬದಲಿಸಬೇಕು, ಎಷ್ಟು ಟೈಟ್ ಮಾಡಿದರೂ ನಿಲ್ಲಲ್ಲ. ಫಿಲ್ಟರ್ ಬದಲಿಸುವಾಗ ಹಳೆ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತಿರೋದೂ ಉಂಟು. ನಿಂತಾಗ ಬೀಳುವ ಹನಿ ಡ್ರೈನ್ ಬೋಲ್ಟ್ ವಾಷರ್ ಅಥವಾ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್‌ನದ್ದೂ ಆಗಿರಬಹುದು. ವಾಷರ್ ಪ್ರತಿ ಸರ್ವಿಸ್‌ಗೂ ಹೊಸದು ಹಾಕಿ, ಬೆಲೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಗಿಂತ ಕಮ್ಮಿ.

ಗೇರ್‌ಬಾಕ್ಸ್ ಜಾಯಿಂಟ್ ಒದ್ದೆ ಅಂದ ಕೂಡಲೇ ಎಲ್ಲರೂ ಹಿಂದಿನ ಸೀಲ್ ಅನ್ನುತ್ತಾರೆ. ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಅದರ ನೇರ ಮೇಲೆ ಕ್ಯಾಮ್‌ಶಾಫ್ಟ್ ತುದಿಯಲ್ಲಿ ಸೆನ್ಸರ್ ಅಥವಾ ಡಿಸ್ಟ್ರಿಬ್ಯೂಟರ್ ಇರುತ್ತೆ. ಅದರ ಓ-ರಿಂಗ್ ಗಟ್ಟಿಯಾದರೆ ಆಯಿಲ್ ಸಿಲಿಂಡರ್ ಹೆಡ್‌ನ (ಎಂಜಿನ್ನಿನ ಮೇಲ್ಭಾಗ) ಹಿಂಬದಿಯಿಂದ ಇಳಿದು ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸ್ ಕವಚ) ಮೇಲೇ ಬೀಳುತ್ತೆ. ಅಂಗೈಯಗಲ ಕನ್ನಡಿ ಹಿಡಿದರೆ ಕಾಣುತ್ತೆ.

ಮರುಪ್ರಶ್ನೆ: ಪೌಡರ್ ಹಾಕಿ ಆನಗೋಡಿಗೆ ಹೋಗಿಬಂದೆ. ಗೆರೆ ಶುರುವಾಗಿರೋದು ಟ್ಯಾಪೆಟ್ ಕವರ್‌ನ (ಎಂಜಿನ್ನಿನ ತುದಿಯ ಮೇಲಿನ ಮುಚ್ಚಳ) ಹಿಂದಿನ ಮೂಲೆಯಲ್ಲಿ. ಹೊಗೆ ಇಲ್ಲ, ಪ್ಲಗ್ ಒಣಗಿವೆ. ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡಿ, ಸುತ್ತಲೂ ಸಿಲಿಕಾನ್ ಮೆತ್ತಿದರೆ ಸಾಕಾ?

ಉತ್ತರ: ಎರಡೂ ಬೇಡ. ಬಿಸಿಗೆ ಕಲ್ಲಾದ ರಬ್ಬರ್ ಪ್ಯಾಕಿಂಗ್ ಬಿಗಿ ಮಾಡಿದಷ್ಟೂ ಸೀಳುತ್ತೆ, ಕವರ್ ಬಾಗುತ್ತೆ. ಹೆಚ್ಚಾದ ಸಿಲಿಕಾನ್ ಒಳಕ್ಕೆ ಉಬ್ಬಿ, ತುಂಡಾಗಿ ಚೇಂಬರ್‌ಗೆ ಬಿದ್ದು ಸ್ಟ್ರೇನರ್ (ಆಯಿಲ್ ಹೀರುವ ಕೊಳವೆಯ ಜಾಲರಿ) ಕಟ್ಟುತ್ತೆ. ಆಮೇಲೆ ಪ್ರೆಷರ್ ಲೈಟ್ ಹತ್ತಿದಾಗ ಯಾರೂ ಅದನ್ನ ನೆನಪಿಸಿಕೊಳ್ಳಲ್ಲ.

ಹೊಸ ಪ್ಯಾಕಿಂಗ್ ಜೊತೆಗೆ ಬೋಲ್ಟ್ ಕೆಳಗಿನ ರಬ್ಬರ್ ವಾಷರ್‌ಗಳನ್ನೂ ತನ್ನಿ, ಅರ್ಧ ಜನ ಮರೆಯೋದು ಇದನ್ನೇ. ಹೆಡ್ ಅಂಚನ್ನ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ, ಅಲ್ಯೂಮಿನಿಯಂಗೆ ಬ್ಲೇಡ್ ತಾಗಿಸಬೇಡಿ. ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಕವರ್ ಕಾಲುವೆಯಲ್ಲಿ ಪ್ಯಾಕಿಂಗ್ ಕೂರಿಸಿ. ಸಿಲಿಕಾನ್ ಬೇಕಿರೋದು ಕ್ಯಾಮ್ ತುದಿಯ ಅರ್ಧಚಂದ್ರದ ಮೂಲೆಗಳಿಗೆ ಮಾತ್ರ, 2-3 ಮಿ.ಮೀ. ಬೊಟ್ಟು. ಹಚ್ಚಿದ ಐದು ನಿಮಿಷದೊಳಗೆ ಕವರ್ ಇಡಿ. ಬೋಲ್ಟ್‌ಗಳನ್ನ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಮ್ಯಾನ್ಯುಯಲ್‌ನ ಅಂಕಿಯೇ ಲೆಕ್ಕ. ಈ ಅಳತೆಯ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಉದ್ದ ಹಿಡಿಕೆಯ ರಾಟ್ಚೆಟ್ ಬೇಡ. ಸಿಲಿಕಾನ್ ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬೇಕು. ಸಂಜೆ ಮಾಡಿ, ಮರುದಿನ ಸಂಜೆ ತೆಗೆದುಕೊಂಡು ಹೋಗಿ.

ಕವರ್ ಬಿಚ್ಚಿದಾಗಲೇ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಗಾಳಿಯನ್ನ ಹೊರಬಿಡುವ ವಾಲ್ವ್) ನೋಡಿ. ಅಲ್ಲಾಡಿಸಿದರೆ ಟಿಕ್ ಟಿಕ್ ಅನ್ನಬೇಕು. ಕಟ್ಟಿಕೊಂಡಿದ್ದರೆ ಒಳಗಿನ ಗಾಳಿಗೆ ದಾರಿ ಇಲ್ಲದೆ ಅದು ಸೀಲ್‌ಗಳನ್ನೇ ತಳ್ಳುತ್ತೆ. ಇವತ್ತು ಟ್ಯಾಪೆಟ್ ಕವರ್, ನಾಳೆ ಕ್ರ್ಯಾಂಕ್ ಸೀಲ್. ಎಲ್ಲ ಜೋಡಿಸಿ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಒಂದು ಹಾಳೆ ಇಡಿ. ಒಳಕ್ಕೆ ಮೆಲ್ಲಗೆ ಹೀರಿಕೊಂಡರೆ ಸರಿ, ಎತ್ತಿ ಎಸೆದರೆ ಬ್ಲೋ-ಬೈ (ಪಿಸ್ಟನ್ ದಾಟಿ ಕೆಳಕ್ಕೆ ನುಗ್ಗುವ ಗ್ಯಾಸ್) ಇದೆ.

ಮೂರನೆಯವರ ಉತ್ತರ: ಮುಂದೆಂದಾದರೂ ನಿಜವಾಗಿ ಹಿಂದಿನ ಸೀಲೇ ಹೋದರೆ, ಗೇರ್‌ಬಾಕ್ಸ್ ಇಳಿದಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ನೋಡಿಕೊಳ್ಳಿ. ಸೀಲ್ ಅಗ್ಗ, ದುಡ್ಡು ಹೋಗೋದು ಕೂಲಿಗೆ. ಕ್ರ್ಯಾಂಕ್ ಮೇಲೆ ಉಗುರಿಗೆ ಸಿಗುವ ಗೆರೆ ಬಿದ್ದಿದ್ದರೆ, ಹೊಸ ಸೀಲ್‌ನ ತುಟಿ ಅದೇ ಗೆರೆಯಲ್ಲಿ ಕೂರದಂತೆ ಜಾಗ ಇದ್ದರೆ ಒಂದು ಮಿ.ಮೀ. ಒಳಗೆ ಕೂರಿಸಬೇಕು.

ಮರುಪ್ರಶ್ನೆ: ಪ್ಯಾಕಿಂಗ್ ಸಿಗುವ ತನಕ 20W-50 ದಪ್ಪ ಆಯಿಲ್ ಹಾಕಲಾ?

ಉತ್ತರ: ಬೇಡ. ಟ್ಯಾಪೆಟ್ ಕವರ್ ಕೆಳಗೆ ಪ್ರೆಷರ್ ಇಲ್ಲ, ಚಿಮ್ಮುವ ಆಯಿಲ್ ಅಷ್ಟೇ, ದಪ್ಪವಾದರೂ ಹರಿಯುತ್ತೆ. ಮ್ಯಾನ್ಯುಯಲ್‌ನ ಗ್ರೇಡೇ ಇರಲಿ. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿಸಬೇಡಿ.