ಹೊಸ ಮನೆಗೆ ಡಿಶ್ಶೋ, ಕೇಬಲ್ಲೋ, ಇಂಟರ್ನೆಟ್ಟೋ? ಜಗಳ ಮಾಡದೆ ಹೇಳ್ರಿ

ಉಣಕಲ್ ಕೆರೆ ದಂಡೆ:
ಮುಂದಿನ ತಿಂಗಳು ಉಣಕಲ್‌ನಲ್ಲಿ ಹೊಸ ಮನೆಗೆ ಹೋಗುತ್ತಿದ್ದೇವೆ. ಟಿವಿಗೆ ಏನು ಹಾಕಿಸಬೇಕು ಅನ್ನೋದರ ಮೇಲೆ ಮನೆಯಲ್ಲಿ ಮೂರು ಪಕ್ಷ ಆಗಿವೆ. ಅಪ್ಪನಿಗೆ ನ್ಯೂಸ್, ಕ್ರಿಕೆಟ್. ಅವ್ವನಿಗೆ ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ. ಜಾಹೀರಾತು ಬಂದಾಗಷ್ಟೇ ನಮಗೆ ಊಟ. ಮಕ್ಕಳು ಯೂಟ್ಯೂಬ್ ಬಿಟ್ಟು ಬೇರೆ ನೋಡೋದಿಲ್ಲ. ಇರೋದು ಒಂದೇ ಟಿವಿ. ತಿಂಗಳಿಗೆ ಐನೂರರ ಒಳಗೆ ಮುಗಿಯಬೇಕು. ಯಾವುದು ಚಲೋ?

ಗೋಕುಲ ರೋಡ್ ಗುರು:
ಇನ್ನೂ ಡಿಶ್, ಕೇಬಲ್ ಅಂತ ಕೇಳುವವರು ಇದ್ದೀರಾ? ಸುಮ್ನೆ ಫೈಬರ್ ಇಂಟರ್ನೆಟ್ ಹಾಕಿಸಿ. 30 ಎಂಬಿಪಿಎಸ್ ಪ್ಲಾನ್ 399 ರೂಪಾಯಿಗೆ ಸಿಗುತ್ತದೆ, ಜಿಎಸ್‌ಟಿ ಸೇರಿ 471. ಯೂಟ್ಯೂಬ್, ಮನೆಗೆಲ್ಲ ವೈಫೈ, ಎಲ್ಲ ಅದರಲ್ಲೇ. ಧಾರಾವಾಹಿಗೆ ಜೀ5, ಜಿಯೊಹಾಟ್‌ಸ್ಟಾರ್, ಸನ್ ನೆಕ್ಸ್ಟ್ ಇವೆ. ಅವ್ವ ಯಾವಾಗ ಬೇಕಾದರೂ ನೋಡಬಹುದು, ನಿಮಗೂ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ. ನಮ್ಮ ಮಾಳಿಗೆ ಮೇಲೂ ಒಂದು ಹಳೇ ಡಿಶ್ ಇದೆ. ಮಳೆ ಬಂದರೆ ಕೆಲಸ ಮಾಡದ ಛತ್ರಿ ಅದೊಂದೇ ನೋಡಿ. ಈಗ ಅದರಲ್ಲಿ ಹಪ್ಪಳ ಒಣಗಿಸುತ್ತೇವೆ.

ಸಾಧನಕೇರಿ ಸರ್:
"ಮಳೆ ಬಂದರೆ ಕೆಲಸ ಮಾಡದ ಛತ್ರಿ". ಚಪ್ಪಾಳೆಗೆ ಚೆನ್ನಾಗಿದೆ, ಆದರೆ ಸುಳ್ಳು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಡಿಶ್ ಇದೆ. ಧಾರಾಕಾರ ಮಳೆ ಹೊಡೆದಾಗ ಹತ್ತು ನಿಮಿಷ ಹೋಗುತ್ತದೆ, ಆಮೇಲೆ ತಾನೇ ಬರುತ್ತದೆ. ವರ್ಷಕ್ಕೆ ಹತ್ತು ಸಲ ಇರಬಹುದು. ಅದೂ ಧಾರವಾಡದ ಮಳೆಗೆ. ಉಣಕಲ್ ಅಂದರೆ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ಮಳೆ ಎಲ್ಲಿದೆ, ಡಿಶ್ ಹೋಗೋಕೆ?

ಕೇಬಲ್ ಕಾಕಾ:
ವರ್ಷಕ್ಕೆ ಹತ್ತು ಸಲ ಅಂತ ನೀವೇ ಒಪ್ಪಿಕೊಂಡಿರಲ್ಲ ಸರ್, ಸಾಕು. ನಾನು ಹಳೇ ಹುಬ್ಬಳ್ಳಿ ಓಣಿಗಳಲ್ಲಿ ಇಪ್ಪತ್ತೆರಡು ವರ್ಷ ಕೇಬಲ್ ಎಳೆದವನು. ಮಳೆಗೆ ಚಿತ್ರ ಹೋಯಿತು ಅಂತ ಒಬ್ಬ ಗಿರಾಕಿಯೂ ಫೋನ್ ಮಾಡಿಲ್ಲ. 130 ರೂಪಾಯಿಗೆ 200 ಚಾನೆಲ್, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಮೇಲೆ ಒಂದು ಕನ್ನಡ ಪ್ಯಾಕ್ ಹಾಕಿಸಿದರೆ ಅವ್ವನ ಕೆಲಸ ಮುಗೀತು. ಕೆಟ್ಟರೆ ಹುಡುಗ ಮನೆಗೆ ಬರುತ್ತಾನೆ. ಆ್ಯಪ್ ಕೆಟ್ಟರೆ ಯಾರು ಬರುತ್ತಾರೆ ತಮ್ಮಾ? ಕನ್ನಡಕ್ಕೆ ಎರಡು ಒತ್ತಿ, ಕಾಯುತ್ತಾ ಇರಿ, ಅಷ್ಟೇ.

ಗೋಕುಲ ರೋಡ್ ಗುರು:
ಹುಡುಗ ಬರುತ್ತಾನೆ, ಹೌದು. ಯಾವಾಗ? ನಮ್ಮ ಓಣಿಗೆ ಅವನು ಬಂದಾಗ ಮ್ಯಾಚ್ ಮುಗಿದು ಕಪ್ ಕೊಡುತ್ತಿದ್ದರು. ಇನ್ನು ಆ 130 ಹಳೇ ಕಥೆ ಕಾಕಾರೇ. 2020ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಹಾಕಿದ ಮಿತಿ ಅದು. 2024ರ ಜುಲೈನಲ್ಲಿ ಆ ಮಿತಿಯನ್ನು ತೆಗೆದಾಗಿದೆ. ಈಗ ಎಷ್ಟು ಬೇಕಾದರೂ ಕೇಳಬಹುದು.

ಕೇಬಲ್ ಕಾಕಾ:
ಕೇಳಬಹುದು ಅಂದರೆ ಕೇಳುತ್ತಾರೆ ಅಂತಲ್ಲ. ನಾಲ್ಕು ಮನೆ ಆಚೆ ಇನ್ನೊಬ್ಬ ಕೇಬಲ್‌ನವ ಇರುತ್ತಾನೆ. ಜಾಸ್ತಿ ಕೇಳಿದರೆ ನಾಳೆ ಅವನ ವೈರು ಮನೆಯೊಳಗೆ ಬಂತು ಅಂತ ತಿಳಿ.

ಸಾಧನಕೇರಿ ಸರ್:
ಕಾಕಾರೇ, ಒಂದು ಪ್ರಶ್ನೆ. ನಿಮ್ಮ ಕೇಬಲ್‌ನೊಳಗೆ ಚಾನೆಲ್ ಎಲ್ಲಿಂದ ಬರುತ್ತದೆ? ಕಂಟ್ರೋಲ್ ರೂಮಿನ ಮಾಳಿಗೆ ಮೇಲೆ ಏನಿದೆ ಸ್ವಲ್ಪ ಹೇಳಿ. ಛತ್ರಿ! ಸಾಲಾಗಿ ಛತ್ರಿ! ನೀವೂ 36 ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹದಿಂದಲೇ ಹಿಡಿಯೋದು. ನಮ್ಮ ಛತ್ರಿಗೆ ಮಳೆ ತಾಗುತ್ತದೆ, ನಿಮ್ಮ ಛತ್ರಿಗೆ ತಾಗೋದಿಲ್ಲ ಅಂದರೆ ನಂಬೋದು ಹೇಗೆ?

ಕೇಬಲ್ ಕಾಕಾ:
ನಮ್ಮದು ಹನ್ನೆರಡು ಅಡಿ ಛತ್ರಿ ಸರ್. ನಿಮ್ಮದು ಎರಡು ಅಡಿ. ಶಾಲೆಗೆ ಹೋಗುವ ಹುಡುಗರ ಛತ್ರಿ.

ಸಾಧನಕೇರಿ ಸರ್:
ಇಲ್ಲೇ ತಪ್ಪಿದ್ದು. ಅಳತೆಗೂ ಮಳೆಗೂ ಸಂಬಂಧವಿಲ್ಲ. ನೀವು ಹಿಡಿಯುವುದು ಸಿ ಬ್ಯಾಂಡ್ ಅನ್ನುವ ತರಂಗಗಳ ಗುಂಪು, ಸುಮಾರು 4 ಗಿಗಾಹರ್ಟ್ಸ್. ಅದರ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್. ಮನೆ ಡಿಶ್ ಹಿಡಿಯುವುದು ಕೆಯು ಬ್ಯಾಂಡ್, 11-12 ಗಿಗಾಹರ್ಟ್ಸ್. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅಲೆ ಚಿಕ್ಕದಾದಷ್ಟೂ ಮಳೆಹನಿ ಅದನ್ನು ಜಾಸ್ತಿ ಹೀರುತ್ತದೆ, ಚದುರಿಸುತ್ತದೆ. ಕಾರಣ ಬ್ಯಾಂಡ್, ಛತ್ರಿ ಅಲ್ಲ. ನಾನು ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದವನು.

ಗೋಕುಲ ರೋಡ್ ಗುರು:
ಅಂದರೆ ಮಳೆಗೆ ಡಿಶ್ ಹೋಗುತ್ತದೆ ಅಂತ ಫಿಸಿಕ್ಸ್ ಸಮೇತ ಹೇಳಿದಿರಿ. ಧನ್ಯವಾದ ಸರ್.

ಬ್ಯಾಡಗಿ ಖಾರ:
ನಮ್ಮ ಕಡೆ ಅದಕ್ಕೆ ಡಿಶ್ ಬುಟ್ಟಿ ಅಂತೇವೆ. ಛತ್ರಿ ಅಂದರೆ ನಮ್ಮಲ್ಲಿ ಮನುಷ್ಯ. ಅದು ಇರಲಿ. ಐನೂರು ಯಾಕೆ, ಐದು ರೂಪಾಯಿನೂ ಬೇಡ. ದೂರದರ್ಶನದವರ ಡಿಡಿ ಫ್ರೀ ಡಿಶ್ ಹಾಕಿಸಿ. 2004ರಿಂದ ನಡೀತಾ ಇದೆ. ಬುಟ್ಟಿ, ಬಾಕ್ಸ್ ಒಂದು ಸಲ ತಂದರೆ ತಿಂಗಳ ಖರ್ಚು ಸೊನ್ನೆ. ಚಂದನ ಬರುತ್ತದೆ. ಭಾರತ ಆಡುವ ಒನ್‌ಡೇ, ಟಿ20 ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತವೆ. ನಿಮ್ಮ ಕೇಬಲ್‌ನಲ್ಲೂ ಡಿಡಿ ಸ್ಪೋರ್ಟ್ಸ್ ಇದೆ, ಆದರೆ ಖಾಸಗಿ ಚಾನೆಲ್ಲಿನವರು ಹಕ್ಕು ಕೊಂಡ ಮ್ಯಾಚ್ ಅಲ್ಲಿ ಕಾಣೋದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಅವರು ಪ್ರಸಾರ ಭಾರತಿಗೆ ಹಂಚುವ ಚಿತ್ರ ದೂರದರ್ಶನದ ಸ್ವಂತ ಟವರ್ ಮತ್ತು ಫ್ರೀ ಡಿಶ್‌ಗೆ ಮಾತ್ರ.

ಗದಗಿನಕ್ಕ:
ಖಾರದ ಅಣ್ಣಾರೆ, ಅವ್ವನ ಧಾರಾವಾಹಿ? ಜೀ ಕನ್ನಡ, ಕಲರ್ಸ್ ಕನ್ನಡ ಎರಡೂ ದುಡ್ಡಿನ ಚಾನೆಲ್. ಫ್ರೀ ಡಿಶ್‌ನಲ್ಲಿ ಬರೋದಿಲ್ಲ. ಕ್ರಿಕೆಟ್ ಇಲ್ಲದ ದಿನ ಮನೆಯಲ್ಲಿ ಏನು ಮಾಡೋದು? ಗುರು ಅವರ ಲೆಕ್ಕವೂ ಅರ್ಧ. 471 ಇಂಟರ್ನೆಟ್ಟಿಗೆ ಮಾತ್ರ. ಆ್ಯಪ್‌ಗಳ ಚಂದಾ ಯಾರು ಕೊಡುತ್ತಾರೆ? ಐನೂರು ದಾಟಿತಲ್ಲ! ಇನ್ನೊಂದು, ನಮ್ಮ ಅತ್ತೆಗೆ 74 ವರ್ಷ. ಕೇಬಲ್ ಇದ್ದಾಗ ಚಾನೆಲ್ ನಂಬರ್ ಬಾಯಿಪಾಠ. ಫೈಬರ್ ಹಾಕಿಸಿದ ಮೇಲೆ ಪ್ರತಿ ಸಂಜೆ ನಾನು ಅಡಿಗೆ ಮನೆಯಿಂದ ಕೈ ಒರೆಸಿಕೊಂಡು ಬಂದು ಆ್ಯಪ್ ತೆರೆದು ಕೊಡಬೇಕು. ತೆರೆದರೆ ಮೊದಲು "ನೋಡುತ್ತಿರುವವರು ಯಾರು?" ಅಂತ ಕೇಳುತ್ತದೆ. ಅತ್ತೆ "ನಾನೇ" ಅಂತ ಟಿವಿಗೆ ಹೇಳುತ್ತಾರೆ.

ಗೋಕುಲ ರೋಡ್ ಗುರು:
ಅತ್ತೆಗೆ ದನಿಯಲ್ಲಿ ಹುಡುಕುವ ರಿಮೋಟ್ ಕೊಡಿಸಿ ಅಕ್ಕಾರೆ. ಬಟನ್ ಒತ್ತಿ ಹೆಸರು ಹೇಳಿದರೆ ಸಾಕು.

ಗದಗಿನಕ್ಕ:
ಚಂದಾ ಯಾರು ಕೊಡುತ್ತಾರೆ ಅಂತ ಕೇಳಿದ್ದೆ.

ಗೋಕುಲ ರೋಡ್ ಗುರು:
ನಮ್ಮ ಮನೆಯಲ್ಲಿ ಒಂದು ಭಾವನದು, ಒಂದು ತಂಗಿಯದು. ಪಾಸ್‌ವರ್ಡ್ ಹಂಚಿಕೊಳ್ಳೋದು ಸಂಬಂಧ ಗಟ್ಟಿ ಮಾಡುತ್ತದೆ.

ಕೇಬಲ್ ಕಾಕಾ:
ಭಾವನ ಪಾಸ್‌ವರ್ಡಿನಲ್ಲಿ ಕೂತು ನಮಗೆ ಹಳೇ ಕಾಲದವರು ಅಂತಾನೆ. ಇರಲಿ. ಸಾಧನಕೇರಿ ಸರ್, ಎದ್ದು ಹೋಗಬೇಡಿ. ಅಳತೆಗೂ ಮಳೆಗೂ ಸಂಬಂಧವಿಲ್ಲ ಅಂದಿರಿ. ನಮ್ಮ ಬೀಗರ ಮನೆಯಲ್ಲಿ 60 ಸೆಂಟಿಮೀಟರ್ ಡಿಶ್ ತೆಗೆದು 90 ಸೆಂಟಿಮೀಟರ್‌ದು ನಾನೇ ಕೂರಿಸಿದ್ದೇನೆ. ಅದೇ ಕೆಯು ಬ್ಯಾಂಡ್, ಅದೇ ಕಂಪನಿ, ಅದೇ ಮಾಳಿಗೆ. ಮೊದಲು ಜಿಟಿಜಿಟಿ ಮಳೆಗೆ ಚೌಕ ಚೌಕ ಆಗಿ ಒಡೆಯುತ್ತಿತ್ತು. ಈಗ ಜೋರು ಮಳೆಗೂ ನಿಲ್ಲುತ್ತದೆ. ಇದಕ್ಕೆ ನಿಮ್ಮ ಫಿಸಿಕ್ಸ್ ಏನು ಹೇಳುತ್ತದೆ?

ಸಾಧನಕೇರಿ ಸರ್:
ಜಿಟಿಜಿಟಿ ಮಳೆಗೆ ಡಿಶ್ ಹೋಗುತ್ತಿತ್ತು ಅಂದರೆ ಅದನ್ನು ಕೂರಿಸಿದವನೇ ಸರಿಯಿಲ್ಲ. ಮೊದಲಿನದನ್ನೂ ನೀವೇ ಕೂರಿಸಿದ್ದಾ?

ಕೇಬಲ್ ಕಾಕಾ:
ಪ್ರಶ್ನೆಗೆ ಉತ್ತರ ಕೊಡಿ ಸರ್.

ಸಾಧನಕೇರಿ ಸರ್:
ದೊಡ್ಡ ಡಿಶ್ ಜಾಸ್ತಿ ಸಿಗ್ನಲ್ ಕೂಡಿಸುತ್ತದೆ. ಮಳೆ ಒಂದಷ್ಟು ತಿಂದರೂ ಉಳಿದದ್ದು ಬಾಕ್ಸಿಗೆ ಸಾಕಾಗುತ್ತದೆ. ಅದು ಬೇರೆ ವಿಷಯ.

ಕೇಬಲ್ ಕಾಕಾ:
ಬೇರೆ ವಿಷಯ ಅಂತೆ! ಒಂದು ತಾಸಿನಿಂದ ನಾನು ಹೇಳ್ತಾ ಇರೋದು ಅದನ್ನೇ.

ಸಾಧನಕೇರಿ ಸರ್:
ನೀವು ಹೇಳಿದ್ದು ಸಿ ಬ್ಯಾಂಡ್ ಛತ್ರಿ ಬಗ್ಗೆ. ಮೇಲೆ ಹೋಗಿ ಓದಿ. ಹನ್ನೆರಡು ಅಡಿ ಬೇಕಾಗೋದು ಮಳೆಗೆ ಹೆದರಿ ಅಲ್ಲ. ಆ ಸಿಗ್ನಲ್ಲೇ ಕೆಳಗೆ ಬರುವಾಗ ದುರ್ಬಲ, ಅಲೆಯೂ ದೊಡ್ಡದು. ಇಷ್ಟು ತಿಳಿಯದೆ ಇಪ್ಪತ್ತೆರಡು ವರ್ಷ ವೈರು ಎಳೆದಿದ್ದೀರಿ.

ಕೇಬಲ್ ಕಾಕಾ:
ಮಾತು ಹಿಡಿತದಲ್ಲಿರಲಿ ಸರ್. ಹನಿಗೆ ಅಲೆ ಎಷ್ಟು ಉದ್ದ ಅಂತ ನೀವು ಬೋರ್ಡಿನ ಮೇಲೆ ಬರೆಯುವಾಗ ನಾನು ಕಂಬದ ಮೇಲೆ ಅದೇ ಮಳೆಯಲ್ಲಿ ನೆನೆಯುತ್ತಿದ್ದೆ.

ಬ್ಯಾಡಗಿ ಖಾರ:
ಮಳೆಗೆ ಫೋನೇ ಬಂದಿಲ್ಲ ಅಂದಿದ್ದಿರಿ. ಹಂಗಾದ್ರೆ ಮಳೆಯಲ್ಲಿ ಕಂಬದ ಮೇಲೆ ಏನು ಮಾಡ್ತಿದ್ರಿ ಕಾಕಾರೆ?

ಕೇಬಲ್ ಕಾಕಾ:
ಅದು ಕರೆಂಟ್ ಹೋಗಿ ಆಂಪ್ಲಿಫೈಯರ್, ಅಂದರೆ ಸಿಗ್ನಲ್ ಜೋರು ಮಾಡುವ ಪೆಟ್ಟಿಗೆ, ಬಂದ್ ಬಿದ್ದದ್ದಕ್ಕೆ. ಮಳೆಗೆ ಅಲ್ಲ.

ಸಾಧನಕೇರಿ ಸರ್:
ನೋಡಿದಿರಾ! ಓಣಿಯ ಕರೆಂಟ್ ಹೋದರೆ ಕೇಬಲ್ ಹೋಯಿತು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ಪ್ರಯೋಜನವಿಲ್ಲ. ಡಿಶ್‌ಗೆ ಆ ತೊಂದರೆ ಇಲ್ಲ. ಇನ್ವರ್ಟರ್ ಇದ್ದರೆ ಊರೆಲ್ಲ ಕತ್ತಲಾದರೂ ನಮ್ಮ ಟಿವಿ ನಡೆಯುತ್ತದೆ.

ಗೋಕುಲ ರೋಡ್ ಗುರು:
ಫೈಬರ್‌ಗೂ ಅಷ್ಟೇ. ದಾರಿಯಲ್ಲಿ ಹೋಗೋದು ಬೆಳಕು, ನಡುವೆ ಅದನ್ನು ಮನೆಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಮನೆಯ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಸಾಕು. ಮಳೆ ಬರಲಿ, ಸಿಡಿಲು ಬರಲಿ, ಗಾಜಿನ ಎಳೆಗೆ ಏನೂ ಆಗೋದಿಲ್ಲ.

ಗದಗಿನಕ್ಕ:
ಏನೂ ಆಗೋದಿಲ್ಲವಾ? ನಮ್ಮ ಓಣಿಯಲ್ಲಿ ಚರಂಡಿಗೆ ಅಂತ ಜೆಸಿಬಿ ಬಂತು. ಮೂರು ದಿನ ಇಂಟರ್ನೆಟ್ಟೂ ಇಲ್ಲ, ಟಿವಿಯೂ ಇಲ್ಲ, ಮಕ್ಕಳ ಹೋಂವರ್ಕೂ ಇಲ್ಲ. ಫೋನ್ ಮಾಡಿದರೆ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್. ಎಲ್ಲ ಒಂದೇ ಎಳೆಗೆ ಕಟ್ಟಿದರೆ ಹೀಗೇ.

ಗೋಕುಲ ರೋಡ್ ಗುರು:
ಅದು ಗದಗಿನ ಜೆಸಿಬಿ ತಪ್ಪು, ಫೈಬರಿನದಲ್ಲ.

ಕೇಬಲ್ ಕಾಕಾ:
ಹಾಗಾದರೆ ಆಂಪ್ಲಿಫೈಯರ್ ಬಿದ್ದದ್ದು ಕರೆಂಟಿನ ತಪ್ಪು, ಕೇಬಲ್‌ದಲ್ಲ. ನ್ಯಾಯ ಎಲ್ಲರಿಗೂ ಒಂದೇ ಇರಲಿ. ಮತ್ತೆ ಮ್ಯಾಚಿನ ವಿಷಯ ಯಾಕೆ ಎತ್ತಲಿಲ್ಲ ತಮ್ಮಾ? ಇಂಟರ್ನೆಟ್ಟಿನವರು ಚಿತ್ರವನ್ನು ಕೆಲವು ಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ಒಂದಷ್ಟು ಕೂಡಿದ ಮೇಲೆ ನಿನ್ನ ಟಿವಿ ತೋರಿಸುತ್ತದೆ. ನಮ್ಮ ಗಿರಾಕಿ ಔಟ್ ನೋಡಿ, ಕೂಗಿ, ಕೂತ ಮೇಲೆ ನಿನ್ನ ಮನೆಯಲ್ಲಿ ಬೌಲರ್ ಓಡಿ ಬರುತ್ತಾನೆ.

ಗೋಕುಲ ರೋಡ್ ಗುರು:
ಪಕ್ಕದ ಮನೆಯವರ ಕೂಗು ಕೇಳಿ ನಾನು ಚಹಾ ಬಿಟ್ಟು ಎದ್ದು ಬರುತ್ತೇನೆ. ಒಂದು ಬಾಲೂ ತಪ್ಪೋದಿಲ್ಲ. ಅನುಕೂಲವೇ ಆಯಿತು.

ಸಾಧನಕೇರಿ ಸರ್:
ಎಲ್ಲರೂ ಮೂಲ ವಿಷಯ ಬಿಟ್ಟಿರಿ. ನಾನು ಹೇಳಿದ್ದು ಹುಬ್ಬಳ್ಳಿಗೆ ಮಳೆಯ ಭಯ ಬೇಡ ಅಂತ. ಧಾರವಾಡ ಮಲೆನಾಡಿನ ಸೆರಗು. ಇಲ್ಲೇ ನಡೆಯುವ ಡಿಶ್ ಅಲ್ಲಿ ನಡೆಯೋದಿಲ್ಲವೇ?

ಕೇಬಲ್ ಕಾಕಾ:
ಹುಬ್ಬಳ್ಳಿಗೆ ಮಳೆ ಇಲ್ಲ ಅಂತ ಎರಡನೇ ಸಲ ಅಂದಿರಿ. ಒಮ್ಮೆ ಮಳೆಯಲ್ಲಿ ಹಳೇ ಬಸ್ ಸ್ಟ್ಯಾಂಡ್ ಕಡೆ ಬಂದು ನಿಲ್ಲಿ ಸರ್. ಛತ್ರಿ ಅಲ್ಲ, ದೋಣಿ ತರಬೇಕು.

ಸಾಧನಕೇರಿ ಸರ್:
ಅದು ಚರಂಡಿಯ ಸಮಸ್ಯೆ, ಮಳೆಯದಲ್ಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬನ್ನಿ. ನವನಗರ ದಾಟಿದ ಮೇಲೆ ಗಾಳಿಯೇ ಬೇರೆ. ಮೋಡ ನಮ್ಮ ಕಡೆಯೇ ಖಾಲಿಯಾಗುತ್ತದೆ, ನಿಮಗೆ ಬರೋದು ಸೋಸಿದ ನೀರು.

ಗೋಕುಲ ರೋಡ್ ಗುರು:
1962ರಲ್ಲೇ ಎರಡೂ ಊರಿಗೆ ಒಂದೇ ಮಹಾನಗರ ಪಾಲಿಕೆ ಆಯಿತು, ಇವರಿಗೆ ಮೋಡ ಮಾತ್ರ ಬೇರೆ ಬೇಕು. ಪೇಢೆ ಆಯಿತು, ಯುನಿವರ್ಸಿಟಿ ಆಯಿತು, ಈಗ ಮಳೆಗೂ ಪೇಟೆಂಟ್.

ಸಾಧನಕೇರಿ ಸರ್:
ಪೇಢೆ ವಿಷಯಕ್ಕೆ ಬರಬೇಡಿ. ಅದಕ್ಕೆ ಇರೋದು ಪೇಟೆಂಟ್ ಅಲ್ಲ, ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು.

ಬ್ಯಾಡಗಿ ಖಾರ:
ಬ್ಯಾಡಗಿ ಮೆಣಸಿನಕಾಯಿಗೂ ಇದೆ ಜಿಐ ಟ್ಯಾಗ್. ಸುಮ್ಮನೆ ಹೇಳಿದೆ. ಉಣಕಲ್ ಅಣ್ಣಾ, ಫ್ರೀ ಡಿಶ್ ಹಾಕಿಸುವುದಾದರೆ ಆಗ್ನೇಯ ದಿಕ್ಕು ಖಾಲಿ ಇದೆಯಾ ನೋಡಿಕೊಳ್ಳಿ. ಅದರ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮ ಕಡೆಯಿಂದ ಬುಟ್ಟಿಯ ಮುಖ ಹೆಚ್ಚುಕಡಿಮೆ ಆಗ್ನೇಯಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಅಲ್ಲೇ ತೆಂಗಿನ ಗಿಡ ಎದ್ದು, ಚಂದನ ಬೇಕೋ ಕಾಯಿ ಬೇಕೋ ಅನ್ನುವ ಹಾಗಾಗಿತ್ತು.

ಕೇಬಲ್ ಕಾಕಾ:
ಕೇಬಲ್‌ಗೆ ದಿಕ್ಕು ಬೇಡ. ಕಿಟಕಿ ಇದ್ದರೆ ಸಾಕು.

ಗದಗಿನಕ್ಕ:
ಕೇಳಿದವರು ಎಲ್ಲಿ ಹೋದರು?

ಉಣಕಲ್ ಕೆರೆ ದಂಡೆ:
ಇಲ್ಲೇ ಇದ್ದೇನೆ ಅಕ್ಕಾ, ಎಲ್ಲ ಓದಿದೆ. ಮಧ್ಯಾಹ್ನ ಹೊಸ ಮನೆಗೆ ಬಣ್ಣ ನೋಡಲು ಹೋಗಿದ್ದೆವು. ನಾನು ಮಾಳಿಗೆ ಮೇಲೆ ಆಗ್ನೇಯ ಯಾವ ಕಡೆ ಅಂತ ಫೋನಿನಲ್ಲಿ ಹುಡುಕುತ್ತಿದ್ದೆ. ಕೆಳಗೆ ಬಂದರೆ ಅಪ್ಪ ಓಣಿಯ ಕೇಬಲ್ ಹುಡುಗನಿಗೆ ಅಡ್ವಾನ್ಸ್ ಕೊಟ್ಟು ಚಹಾ ಕುಡಿಸುತ್ತಿದ್ದರು. ವೈರು ಆಗಲೇ ಕಿಟಕಿ ಒಳಗೆ ಬಂದಿತ್ತು. ಹುಡುಗ ಅವರ ಬೀಗರ ಊರಿನವನಂತೆ. ಮಕ್ಕಳು ಮಾತು ಬಿಟ್ಟಿದ್ದಾರೆ, ಹಾಗಾಗಿ 399ರ ಫೈಬರ್ ಕೂಡ ಹಾಕಿಸಬೇಕಾಗಬಹುದು. ಐನೂರರ ಲೆಕ್ಕ ಮುಗೀತು.

ಕೇಬಲ್ ಕಾಕಾ:
ಶಹಬ್ಬಾಸ್! ಅಪ್ಪನಿಗೆ ನನ್ನ ನಮಸ್ಕಾರ ಹೇಳು ತಮ್ಮಾ.

ಗೋಕುಲ ರೋಡ್ ಗುರು:
ಫೈಬರ್ ಹಾಕಿಸಬೇಕಾಗುತ್ತೆ ಅಂದಿದ್ದಾರೆ, ಅದನ್ನು ಓದಿ ಕಾಕಾರೇ.

ಸಾಧನಕೇರಿ ಸರ್:
ಕೇಬಲ್ ಹುಡುಗನ ಕಂಟ್ರೋಲ್ ರೂಮಿನಲ್ಲಿ ಎಷ್ಟು ಅಡಿ ಛತ್ರಿ ಇದೆ ಅಂತ ಒಂದು ಮಾತು ಕೇಳಿ ತಿಳಿಸಿ.